6121ನೇ ಇಸವಿಯ ರೂಪಾಯಿ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆ ತೆರೆದರೆ ಕಳಶಕ್ಕೆ ಹಾಕುವ ಬೆಳ್ಳಿ ರೂಪಾಯಿಗಳು ಹೊರಬರುತ್ತವೆ. ವಿಕ್ಟೋರಿಯಾ ರಾಣಿಯ ತಲೆಯದು ಒಂದೆರಡು, ಜಾರ್ಜ್ ದೊರೆಯದು ಮೂರು ನಾಲ್ಕು. ಇವನ್ನು ಗುರುತಿಸಲು ಯಾರ ನೆರವೂ ಬೇಡ. ಹೆಸರು, ಇಸವಿ, ಬೆಲೆ ಎಲ್ಲವೂ ಅದರ ಮೇಲೇ ಇದೆ. ತೊಡಕಾಗುವುದು ಅವುಗಳ ನಡುವೆ ಅಷ್ಟೇ ತೂಕದ, ಅಂಚು ಸೊಟ್ಟಗಾದ, ಯಾರ ಮುಖವೂ ಇಲ್ಲದ ಇನ್ನೊಂದು ಬಿಲ್ಲೆ ಕೈಗೆ ಬಂದಾಗ. ಎರಡು ಬದಿಯೂ ಪಾರಸಿ ಬರಹವೇ. ಅಜ್ಜಿಯ ಕಾಲದಿಂದ ಮನೆಯಲ್ಲಿದೆ ಎಂಬುದನ್ನು ಬಿಟ್ಟರೆ ಯಾರಿಗೂ ಏನೂ ತಿಳಿಯದು.

ಪಾರಸಿ ಅಂಕಿಗಳ ಪಟ್ಟಿ ಈಗ ಎಲ್ಲರ ಫೋನಿನಲ್ಲೂ ಸಿಗುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ನಾಣ್ಯದ ಮೇಲೆ 6, 1, 2, 1 ಎಂದು ಕಾಣುತ್ತದೆ. 6121ನೇ ಇಸವಿ ಇನ್ನೂ ಬಂದಿಲ್ಲ. ಸರಿ, ಹಿಂದುಮುಂದಾಗಿ ಓದೋಣ: 1216. ಹಿಜರಿ ಎಂದು ಲೆಕ್ಕ ಹಾಕಿದರೆ ಕ್ರಿ.ಶ. 1801–02. ಟಂಕಸಾಲೆಯ ಹೆಸರು ‘ಪಟನ್’, ಅಂದರೆ ಶ್ರೀರಂಗಪಟ್ಟಣ. ಆದರೆ ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸತ್ತದ್ದು 1799ರ ಮೇ 4ರಂದು. ಸತ್ತ ಸುಲ್ತಾನ ಎರಡು ವರ್ಷ ಬಿಟ್ಟು ನಾಣ್ಯ ಹೊಡೆಸಿದನೇ? ಇಲ್ಲಿಗೆ ಬಂದಾಗ ಹಲವರು ‘ನಕಲಿ ಇರಬೇಕು’ ಎಂದು ಅದನ್ನು ಮತ್ತೆ ಪೆಟ್ಟಿಗೆಗೆ ಹಾಕುತ್ತಾರೆ, ಇಲ್ಲವೇ ಬೆಳ್ಳಿ ಅಂಗಡಿಯಲ್ಲಿ ಕರಗಿಸಲು ಕೊಡುತ್ತಾರೆ.

ನಾಣ್ಯ ನಕಲಿಯಲ್ಲ, ಪ್ರಶ್ನೆ ಹಾಕಿದ ಕ್ರಮ ತಪ್ಪು. ಗುರುತು ಸಿಗದ ನಾಣ್ಯಕ್ಕೆ ಊರು, ಕಾಲ, ಒಡೆಯನನ್ನು ಹುಡುಕಿಕೊಡಲು ಬೇಕಾದದ್ದು ಅಪಾರ ಪಾಂಡಿತ್ಯವಲ್ಲ. ಒಳ್ಳೆಯದೊಂದು ಕ್ಯಾಟಲಾಗ್ ಬೇಕು, ಅದನ್ನು ಯಾವ ಕಡೆಯಿಂದ ಹಿಡಿಯಬೇಕೆಂಬ ತಿಳಿವಳಿಕೆ ಬೇಕು. ಹೊಸಬರು ಮೊದಲೇ ಇಸವಿಗೆ ಕೈ ಹಾಕುತ್ತಾರೆ. ಬಲ್ಲವರು ಲೋಹದಿಂದ ಶುರು ಮಾಡುತ್ತಾರೆ. ಆಮೇಲೆ ತೂಕ, ಅಳತೆ, ಲಾಂಛನ, ಲಿಪಿ, ಟಂಕಸಾಲೆ. ಇಸವಿಯ ಸರದಿ ಎಲ್ಲಕ್ಕಿಂತ ಕೊನೆಗೆ.

ಕಾವೇರಿ ಬಯಲಿನಲ್ಲಿ ಬೆಳ್ಳಿ ಎಂದರೇ ಅರ್ಧ ಉತ್ತರ ಸಿಕ್ಕಂತೆ. ಕರ್ನಾಟಕದ ನೆಲದಲ್ಲಿ ಕೋಲಾರ, ಹಟ್ಟಿಗಳ ಚಿನ್ನವಿದೆ, ಹೇಳಿಕೊಳ್ಳುವಂಥ ಬೆಳ್ಳಿಗಣಿ ಇಲ್ಲ. ಬೆಳ್ಳಿ ಕಡಲ ಕಡೆಯಿಂದಲೋ ಉತ್ತರದಿಂದಲೋ ವ್ಯಾಪಾರದ ದಾರಿಯಲ್ಲಿ ಬರಬೇಕಿತ್ತು. ಹಾಗಾಗಿ ಮಧ್ಯಯುಗದಲ್ಲಿ ಇಲ್ಲಿನ ದೊಡ್ಡ ನಾಣ್ಯ ಚಿನ್ನದ್ದೇ. ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 6 ಮತ್ತು 7ನೇ ಸಂಪುಟಗಳಲ್ಲಿವೆ. ದೇವರ ನಂದಾದೀಪಕ್ಕೆ, ಕೆರೆಯ ತೂಬಿಗೆ, ಬ್ರಾಹ್ಮಣರ ಊಟಕ್ಕೆ ಕೊಟ್ಟ ದತ್ತಿಗಳ ಲೆಕ್ಕವನ್ನು ಇಂಥ ಶಾಸನಗಳು ಗದ್ಯಾಣ, ಹಣ, ಹಾಗ, ವೀಸಗಳಲ್ಲಿ ಹೇಳುತ್ತವೆ. ಹಣದ ಕಾಲುಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ. ಇದು ಚಿನ್ನದ ಲೆಕ್ಕ.

ಆ ಚಿನ್ನ ಹೇಗಿತ್ತು ಎಂಬುದಕ್ಕೆ ಹೊಯ್ಸಳ ವಿಷ್ಣುವರ್ಧನನ ಗದ್ಯಾಣಗಳೇ ಸಾಕ್ಷಿ. ಸುಮಾರು 4 ಗ್ರಾಂ ತೂಕ, ಒಂದು ಬದಿ ಸಿಂಹ, ಇನ್ನೊಂದು ಬದಿ ಮೂರು ಸಾಲಿನಲ್ಲಿ ಕನ್ನಡ ಬರಹ. ಒಂದು ಬಗೆಯ ನಾಣ್ಯ ತಲಕಾಡನ್ನು ಗೆದ್ದವನೆಂದು ಹೇಳುತ್ತದೆ, ಇನ್ನೊಂದು ನೊಣಂಬವಾಡಿಯನ್ನು ಗೆದ್ದವನೆಂದು. ತಲಕಾಡು ಹೊಯ್ಸಳರ ಕೈಸೇರಿದ್ದು 1116ರ ಹೊತ್ತಿಗೆ, ಆದ್ದರಿಂದ ‘ತಲಕಾಡುಗೊಂಡ’ ಎಂದಿರುವ ನಾಣ್ಯ ಅದಕ್ಕಿಂತ ಹಿಂದಿನದಾಗಲಾರದು. ರಾಜನ ಸ್ವಂತ ಹೆಸರಾಗಲಿ ಶಕವರ್ಷವಾಗಲಿ ಇಲ್ಲದಿದ್ದರೂ ಬಿರುದೇ ಕಾಲ ಹೇಳುತ್ತದೆ. ಕನ್ನಡ ಓದಬಲ್ಲ ಸಂಗ್ರಾಹಕನಿಗೆ ಇದಕ್ಕಿಂತ ಸುಲಭದ ಪಾಠ ಬೇರೆ ಸಿಗದು. ಆದರೆ ಇದು ಚಿನ್ನ. ಹೊಯ್ಸಳರ ಬೆಳ್ಳಿ ನಾಣ್ಯ ಸಿಕ್ಕಿದೆ ಎಂದು ಯಾರಾದರೂ ತಂದು ತೋರಿಸಿದರೆ ಖುಷಿಪಡುವ ಮೊದಲು ಅನುಮಾನಪಡಬೇಕು.

ಹಾಗೆಂದು ಮಧ್ಯಯುಗದ ಕರ್ನಾಟಕದಲ್ಲಿ ಬೆಳ್ಳಿ ನಾಣ್ಯವೇ ಇರಲಿಲ್ಲ ಎಂದಲ್ಲ. 1443ರಲ್ಲಿ ಎರಡನೇ ದೇವರಾಯನ ವಿಜಯನಗರಕ್ಕೆ ಬಂದ ಹೆರಾತಿನ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ನಾಣ್ಯಗಳನ್ನೆಲ್ಲ ಪಟ್ಟಿ ಮಾಡಿ ಬರೆದಿಟ್ಟಿದ್ದಾನೆ. ಚಿನ್ನದ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಭಾಗ ಹಣ. ಆ ಹಣದ ಆರನೇ ಒಂದು ಭಾಗ ‘ತಾರ’, ಅದು ಬೆಳ್ಳಿಯದು. ತಾರದ ಮೂರನೇ ಒಂದು ಭಾಗ ತಾಮ್ರದ ಜಿತಲ್. ಈ ಲೆಕ್ಕದಲ್ಲಿ ಒಂದು ವರಹಕ್ಕೆ 120 ತಾರ. ಉಗುರಿನ ಮೇಲೆ ಕೂರುವ ಇಂಥ ಪುಟ್ಟ ಬೆಳ್ಳಿ ಚೂರುಗಳು ಉಳಿದು ಬಂದಿರುವುದು ಬಹಳ ಕಡಿಮೆ, ಚಿನ್ನದಷ್ಟು ಜೋಪಾನವಾಗಿ ಅವನ್ನು ಹೂತಿಟ್ಟವರೂ ಕಡಿಮೆ.

ಕೈತುಂಬ ಬೆಳ್ಳಿ ಸಿಗುವುದು ಬಹಮನಿಗಳಲ್ಲಿ. 1347ರಿಂದ ಕಲಬುರ್ಗಿಯಲ್ಲಿ, ಮುಂದೆ ರಾಜಧಾನಿ ಬದಲಾದ ಮೇಲೆ ಬೀದರಿನಲ್ಲಿ, ಸುಮಾರು 11 ಗ್ರಾಂ ತೂಕದ ಬೆಳ್ಳಿ ಟಂಕಗಳು ಹೊರಬಂದವು. ಅವುಗಳ ಮೇಲೆ ಕಲಬುರ್ಗಿಗೆ ‘ಅಹಸನಾಬಾದ್’, ಬೀದರಿಗೆ ‘ಮುಹಮ್ಮದಾಬಾದ್’ ಎಂಬ ಹೆಸರು. ಈ ಬೆಳ್ಳಿಗೂ ತೆಂಕಣದ ಚಿನ್ನಕ್ಕೂ ಜಗಳವೂ ನಡೆದಿತ್ತು. ವಿಜಯನಗರ ಮತ್ತು ವಾರಂಗಲ್ ರಾಯರ ಕುಮ್ಮಕ್ಕಿನಿಂದ ದಖನಿನ ಚಿನಿವಾರರು ಬಹಮನಿ ನಾಣ್ಯಗಳನ್ನು ಸಿಕ್ಕಲ್ಲೆಲ್ಲ ಕರಗಿಸುತ್ತಿದ್ದರು, ಒಂದನೇ ಮುಹಮ್ಮದ್ ಷಾ ಸಿಟ್ಟಿಗೆದ್ದು ಅವರನ್ನು ಕೊಲ್ಲಿಸಿದ ಎಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಫಿರಿಶ್ತಾ ಎರಡೂವರೆ ಶತಮಾನ ಬಿಟ್ಟು ಬರೆದವನು, ಮಾತಿನಲ್ಲಿ ಧಾರಾಳಿ. ಆದರೂ ಊರಿನ ಜನರು ತಮಗೆ ರೂಢಿಯಿದ್ದ ಹೊನ್ನನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ ಎಂಬಷ್ಟನ್ನು ಇದರಿಂದ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಬಹಮನಿ ಟಂಕ ಕೈಗೆ ಬಂದಾಗ ಕ್ಯಾಟಲಾಗಿನ ಬೆಲೆ ತಿಳಿಯುತ್ತದೆ. ಆ ಕಾಲದಲ್ಲಿ ನಾಣ್ಯ ಮಾಡುತ್ತಿದ್ದುದು ಸುತ್ತಿಗೆಯ ಪೆಟ್ಟಿನಿಂದ. ತೂಕ ಮಾಡಿ ಕತ್ತರಿಸಿದ ಬೆಳ್ಳಿ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲೊಂದು ಅಚ್ಚು ಹಿಡಿದು ಬಲವಾಗಿ ಹೊಡೆಯುತ್ತಿದ್ದರು. ಅಚ್ಚು ಹೆಚ್ಚಾಗಿ ಬಿಲ್ಲೆಗಿಂತ ಅಗಲ. ಪೆಟ್ಟು ಒಂದು ಪಕ್ಕಕ್ಕೆ ಸರಿದರೆ ಅಂಚಿನ ಬರಹ ಹಾರಿಹೋಗುತ್ತದೆ, ಆ ಅಂಚಿನಲ್ಲೇ ಟಂಕಸಾಲೆಯ ಹೆಸರು ಮತ್ತು ಇಸವಿ ಇರುತ್ತವೆ. ಒಂದು ನಾಣ್ಯದಲ್ಲಿ ಎಡಗಡೆಯ ನಾಲ್ಕು ಅಕ್ಷರ ಉಳಿದರೆ ಇನ್ನೊಂದರಲ್ಲಿ ಮೇಲಿನ ಮೂರು. ಸಂಗ್ರಹಾಲಯದಲ್ಲಿ ಇಂಥ ಹತ್ತಾರು ನಾಣ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು, ತುಂಡುತುಂಡು ಬರಹವನ್ನು ಜೋಡಿಸಿ, ಅಚ್ಚಿನಲ್ಲಿ ಮೂಲತಃ ಏನು ಕೆತ್ತಿತ್ತು ಎಂಬುದನ್ನು ಪೂರ್ತಿಯಾಗಿ ಬರೆದವರು ಕ್ಯಾಟಲಾಗ್‌ಕಾರರು. ಕೈಯಲ್ಲಿರುವ ನಾಣ್ಯದಲ್ಲಿ ಕಾಣದ ಅಕ್ಷರವನ್ನು ಓದಿಸುವುದು ಆ ಪುಸ್ತಕ. ಬಹಮನಿಗಳಿಗೆ ಈಗ ಎಲ್ಲರೂ ತೆರೆಯುವುದು ಸ್ಟಾನ್ ಗೊರೊನ್ ಮತ್ತು ಜೆ.ಪಿ. ಗೋಯೆಂಕಾ 2001ರಲ್ಲಿ ಹೊರತಂದ ಭಾರತದ ಸುಲ್ತಾನರ ನಾಣ್ಯಗಳ ಸಂಪುಟವನ್ನು.

ಇನ್ನು ಶ್ರೀರಂಗಪಟ್ಟಣದ ಕಡೆಗೆ. ಇಲ್ಲಿ ಟಂಕಸಾಲೆ ತೆರೆದವನು ಕಂಠೀರವ ನರಸರಾಜ ಒಡೆಯರ್, 1638ರಿಂದ 1659ರವರೆಗೆ ಆಳಿದವನು. ಅವನ ನರಸಿಂಹ ಮೂರ್ತಿಯ ಪುಟ್ಟ ‘ಕಂಠೀರಾಯ ಹಣ’ ಚಿನ್ನದ್ದು. ಹೈದರನೂ ಬಹುಮಟ್ಟಿಗೆ ಚಿನ್ನ, ತಾಮ್ರಕ್ಕೇ ನಿಂತ. 1763ರಲ್ಲಿ ಬಿದನೂರು ಗೆದ್ದ ಮೇಲೆ ಇಕ್ಕೇರಿ ವರಹದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರ ಹಾಕಿಸಿದ. ಶಿವಪಾರ್ವತಿ ಕಂಡ ಕೂಡಲೇ ಕೆಳದಿ ನಾಯಕರದೆಂದು ಬರೆದುಕೊಳ್ಳುವವರು ನಾಣ್ಯ ತಿರುಗಿಸಿ ನೋಡದಿದ್ದರೆ ಮುಗ್ಗರಿಸುವುದು ಇಲ್ಲೇ.

ದೊಡ್ಡ ಪ್ರಮಾಣದಲ್ಲಿ ಬೆಳ್ಳಿ ಹರಿದದ್ದು ಟಿಪ್ಪುವಿನ ಕಾಲದಲ್ಲಿ. ಅವನ ಬೆಳ್ಳಿ ನಾಣ್ಯಗಳು ಏಳು, ಪ್ರತಿಯೊಂದಕ್ಕೂ ಒಂದು ಹೆಸರು. ಎರಡು ರೂಪಾಯಿಯದು ಹೈದರಿ, ಒಂದು ರೂಪಾಯಿ ಇಮಾಮಿ, ಅರ್ಧ ಆಬಿದಿ, ಕಾಲು ಬಾಕಿರಿ, ಎರಡಾಣೆ ಜಾಫರಿ, ಒಂದಾಣೆ ಕಾಜಿಮಿ, ಅರ್ಧಾಣೆ ಖಿಜ್ರಿ. ಹೆಚ್ಚಿನವು ಇಮಾಮರ ಹೆಸರುಗಳು. ತೂಕವೂ ಅದೇ ಮೆಟ್ಟಿಲಲ್ಲಿ ಇಳಿಯುತ್ತದೆ. ಹೈದರಿ ಸುಮಾರು 23 ಗ್ರಾಂ, ಇಮಾಮಿ ಹತ್ತಿರಹತ್ತಿರ 11.5, ಆಬಿದಿ 5.7, ಹೀಗೆ ಅರ್ಧರ್ಧವಾಗುತ್ತ ಖಿಜ್ರಿಗೆ ಬರುವಾಗ ಗ್ರಾಮಿನ ಮೂರನೇ ಒಂದು ಭಾಗ. ಆದ್ದರಿಂದಲೇ ಓದುವ ಮೊದಲು ತೂಗಬೇಕು ಎನ್ನುವುದು. ಅಕ್ಕಸಾಲಿಗರ ತಕ್ಕಡಿಯಲ್ಲಿ 2.8 ಗ್ರಾಂ ತೋರಿಸಿದ ಟಿಪ್ಪು ಬೆಳ್ಳಿ ಬಾಕಿರಿಯೇ ಇರಬೇಕು, ಒಂದಕ್ಷರ ಓದಲು ಬಾರದಿದ್ದರೂ ಸರಿ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೆ ಮಾತ್ರ ತಕ್ಕಡಿ ಸುಳ್ಳು ಹೇಳುತ್ತದೆ.

ತೂಕವೊಂದನ್ನೇ ನಂಬಿದರೂ ಕೆಲಸ ಕೆಡುತ್ತದೆ. ಬಹಮನಿ ಟಂಕ 11, ಇಮಾಮಿ 11.5, ಬ್ರಿಟಿಷ್ ಇಂಡಿಯಾದ ರೂಪಾಯಿ 11.66 ಗ್ರಾಂ. ಸವೆದ ನಾಣ್ಯಗಳಲ್ಲಿ ಈ ಅಂತರ ಅಳಿಸಿಹೋಗುತ್ತದೆ. ಹಾಗಾಗಿ ಮುಂದಿನ ಹೆಜ್ಜೆ ಲಾಂಛನ ಮತ್ತು ಬರಹ. ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆ ಇದೆ, ಮಂಡ್ಯ ಮೈಸೂರು ಕಡೆ ಅದನ್ನು ಮಕ್ಕಳೂ ಗುರುತಿಸುತ್ತಾರೆ. ಬೆಳ್ಳಿ ರೂಪಾಯಿಯಲ್ಲಿ ಚಿತ್ರವಿಲ್ಲ, ಎರಡು ಬದಿಯೂ ಬರಹ. ಇನ್ನೂ ವಿಚಿತ್ರವೆಂದರೆ ಆ ಬರಹದಲ್ಲಿ ಟಿಪ್ಪುವಿನ ಹೆಸರೇ ಇಲ್ಲ. ದೆಹಲಿಯ ಷಾ ಆಲಂ ಬಾದಷಹನ ಹೆಸರೂ ಇಲ್ಲ. ನಿಜಾಮರು, ಮರಾಠರು, ಕಂಪನಿಯವರು ಎಲ್ಲರೂ ಬಲವಿಲ್ಲದ ಆ ಬಾದಷಹನ ಹೆಸರಿನಲ್ಲೇ ರೂಪಾಯಿ ಹೊಡೆಸುತ್ತಿದ್ದ ಕಾಲ ಅದು. ಅವನ ಹೆಸರನ್ನು ಕೈಬಿಟ್ಟದ್ದು ಮರೆವಿನಿಂದಲ್ಲ. ‘ಹೈದರ್’ ಎಂಬ ಶಬ್ದ ಬರುತ್ತದೆ, ‘ಸುಲ್ತಾನ’ ಎಂದು ಬರುತ್ತದೆ, ಟಂಕಸಾಲೆ, ವರ್ಷದ ಹೆಸರು, ಅಂಕಿ ಬರುತ್ತವೆ. ರಾಜನ ಹೆಸರು ಹುಡುಕುತ್ತ ಕೂತವನಿಗೆ ಈ ನಾಣ್ಯ ಎಂದೂ ಬಾಯಿ ಬಿಡದು.

ಟಂಕಸಾಲೆಯ ಹೆಸರುಗಳದು ಇನ್ನೊಂದು ಕಥೆ. ಟಿಪ್ಪು ಊರುಗಳಿಗೆಲ್ಲ ಹೊಸ ಹೆಸರಿಟ್ಟಿದ್ದ. ಚಿತ್ರದುರ್ಗ ‘ಫರ್ರುಖ್‌ಯಾಬ್ ಹಿಸಾರ್’, ಗುತ್ತಿ ‘ಫೈಜ್ ಹಿಸಾರ್’, ಧಾರವಾಡ ‘ಖುರ್ಷಿದ್ ಸವಾದ್’, ದಿಂಡಿಗಲ್ ‘ಖಾಲಿಕಾಬಾದ್’. ಈ ಊರುಗಳನ್ನು ಇಂದಿನ ಭೂಪಟದಲ್ಲಿ ಹುಡುಕಿದರೆ ಸಿಗುವುದಿಲ್ಲ, ಕ್ಯಾಟಲಾಗಿನ ಟಂಕಸಾಲೆ ಪಟ್ಟಿಯಲ್ಲಿ ಸಿಗುತ್ತವೆ. ಪಟನ್, ಅಂದರೆ ನಮ್ಮ ಪಟ್ಟಣ, ಹೆಚ್ಚು ಬದಲಾಗದೆ ಉಳಿದದ್ದು ಓದುಗರ ಅದೃಷ್ಟ.

ಈಗ ಆ ಇಸವಿ. ಟಿಪ್ಪುವಿನ ಮೊದಲ ನಾಣ್ಯಗಳಲ್ಲಿ ಎಲ್ಲರಂತೆ ಹಿಜರಿ ವರ್ಷವಿದೆ: 1198, 1199, 1200. 1198 ಎಂದರೆ ಕ್ರಿ.ಶ. 1783–84. ಆಮೇಲೆ 1787ರಲ್ಲಿ ಅವನು ಪಂಚಾಂಗವನ್ನೇ ಬದಲಿಸಿದ. ಪ್ರವಾದಿಯ ಜನನದಿಂದ ಎಣಿಸುವ ‘ಮೌಲೂದಿ’ ಶಕೆ ಶುರುವಾಗಿ, ಅಂಕಿ ಒಮ್ಮೆಲೇ 1215ಕ್ಕೆ ಜಿಗಿಯಿತು. ಅಷ್ಟೇ ಸಾಲದೆಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಪದ್ಧತಿ ತಂದ. ಪಾರಸಿ ಅಕ್ಷರ ಬಲದಿಂದ ಎಡಕ್ಕೆ ಓಡಿದರೂ ಅಂಕಿಗಳು ನಮ್ಮಂತೆಯೇ ಎಡದಿಂದ ಬಲಕ್ಕೆ ಬರುವುದು ರೂಢಿ. ಟಿಪ್ಪು ಅದನ್ನು ತಿರುವಿ ಹಾಕಿದ. ಜೊತೆಗೆ ನಮ್ಮ ಪ್ರಭವ, ವಿಭವಗಳ ಹಾಗೆ ಅರುವತ್ತು ವರ್ಷದ ಚಕ್ರಕ್ಕೂ ತನ್ನದೇ ಹೆಸರುಗಳನ್ನು ಇಟ್ಟ. 1216ರ ಹೆಸರು ‘ಸಾರಾ’.

ಮೌಲೂದಿ ಸಂಖ್ಯೆಗೆ 572 ಕೂಡಿದರೆ ಕ್ರಿಸ್ತಶಕ ಸಿಗುತ್ತದೆ. ಇಲ್ಲಿನ ಪಂಚಾಂಗದಂತೆ ಅಧಿಕಮಾಸ ಸೇರಿಸಿ ಸೂರ್ಯನ ಜೊತೆ ಹೆಜ್ಜೆ ಹಾಕುವ ವರ್ಷ ಅದು, ಹಿಜರಿಯಂತೆ ಹಿಂದಕ್ಕೆ ಸರಿಯುತ್ತ ಹೋಗುವುದಿಲ್ಲ. 1216ಕ್ಕೆ 572 ಸೇರಿದರೆ 1788. ಈ ಲೆಕ್ಕ ಸರಿಯೇ ಎಂದು ನೋಡಲು ನಾಣ್ಯದ ಇನ್ನೊಂದು ಬದಿಗೆ ಹೋಗಬೇಕು. ಅಲ್ಲಿ ಪಟ್ಟಕ್ಕೆ ಬಂದ ಎಷ್ಟನೇ ವರ್ಷ ಎಂಬುದು ಬೇರೆಯೇ ಇದೆ: 6. ಟಿಪ್ಪು ಪಟ್ಟಕ್ಕೆ ಬಂದದ್ದು 1783ರಲ್ಲಿ. ಅದನ್ನು ಒಂದೆಂದು ಎಣಿಸಿದರೆ ಆರನೆಯದು 1788. ಎರಡು ಬದಿಯ ಎರಡು ಲೆಕ್ಕ ಒಂದೇ ವರ್ಷಕ್ಕೆ ಬಂದು ನಿಂತವು. ಅವನ ರಾಯಭಾರಿಗಳು ಫ್ರಾನ್ಸಿನ ಹದಿನಾರನೇ ಲೂಯಿಯ ಆಸ್ಥಾನದಲ್ಲಿ ನಿಂತಿದ್ದ ವರ್ಷವೂ ಅದೇ. ಇದು ಸತ್ತ ಸುಲ್ತಾನನ ನಾಣ್ಯವಲ್ಲ, ಅಧಿಕಾರದ ತುದಿಯಲ್ಲಿದ್ದವನದು.

ಅಂಕಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಪಾರಸಿ ಏಳು ಎಂದರೆ ಕೆಳಗೆ ಕೂಡಿ ಮೇಲೆ ಅಗಲಿದ ಎರಡು ಗೆರೆ, ಎಂಟು ಅದರ ತಲೆಕೆಳಗಿನ ರೂಪ. ನಾಣ್ಯವನ್ನು ಉಲ್ಟಾ ಹಿಡಿದರೆ ಏಳು ಎಂಟಾಗುತ್ತದೆ, ಒಡೆಯನೇ ಬದಲಾಗಿಬಿಡಬಹುದು. ಕ್ಯಾಟಲಾಗಿನಲ್ಲಿ ಚಿತ್ರ ಹಾಕುವುದಕ್ಕೆ ಅಂದಚೆಂದಕ್ಕಿಂತ ದೊಡ್ಡ ಕಾರಣ ಇದು. ಮೊದಲು ಚಿತ್ರದ ಜೊತೆ ಹೊಂದಿಸಿ ನಾಣ್ಯವನ್ನು ನೇರ ಮಾಡಿಕೊಳ್ಳಬೇಕು, ಆಮೇಲೆ ಓದಬೇಕು.

ಟಿಪ್ಪುವಿನ ಈ ಜಟಿಲ ಲೆಕ್ಕವನ್ನು ಬಿಡಿಸಿಟ್ಟವರ ಸಾಲೂ ಕುತೂಹಲದ್ದೇ. 1799ರ ಮುತ್ತಿಗೆಯಲ್ಲಿದ್ದು, ಆಮೇಲೆ ಮೈಸೂರು ಸೀಮೆಯನ್ನು ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಕೈಫಿಯತ್ತುಗಳ ಜೊತೆಗೆ ಆರು ಸಾವಿರಕ್ಕೂ ಹೆಚ್ಚು ನಾಣ್ಯ ಕೂಡಿಹಾಕಿದ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದು ಕನ್ನಡ ಶಾಸನಗಳ ಪ್ರತಿ ಮಾಡಿಸಿದ ವಾಲ್ಟರ್ ಎಲಿಯಟ್ ದಕ್ಷಿಣ ಭಾರತದ ನಾಣ್ಯಗಳ ಪುಸ್ತಕ ಪ್ರಕಟಿಸಿದ್ದು 1886ರಲ್ಲಿ. ಆ ವೇಳೆಗೆ ಅವನ ಕಣ್ಣು ಬಹುಪಾಲು ಹೋಗಿತ್ತು, ಮರುವರ್ಷ ಅವನೇ ಹೋದ. ಮದ್ರಾಸ್ ಸರ್ಕಾರಿ ಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ 1888ರಲ್ಲಿ ತನ್ನ ನಾಣ್ಯ ಕ್ಯಾಟಲಾಗುಗಳ ಸಾಲನ್ನು ಶುರು ಮಾಡಿದ್ದೇ ಮೈಸೂರಿನಿಂದ. ಅಹಮದಾಬಾದಿನ ಪಾದ್ರಿ ಜಿ.ಪಿ. ಟೇಲರ್ 1914ರಲ್ಲಿ ಟಿಪ್ಪು ನಾಣ್ಯಗಳ ಮೇಲೆಯೇ ಒಂದು ಪುಸ್ತಕ ತಂದ.

ಇಂದಿಗೂ ಟಿಪ್ಪು ನಾಣ್ಯಗಳಿಗೆ ಮೊದಲು ಕೈಗೆತ್ತಿಕೊಳ್ಳುವುದು ಜೆ.ಆರ್. ಹೆಂಡರ್ಸನ್ 1921ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ ಹೈದರ್ ಮತ್ತು ಟಿಪ್ಪು ನಾಣ್ಯಗಳ ಕ್ಯಾಟಲಾಗ್. ಹೆಂಡರ್ಸನ್ ಇತಿಹಾಸದವನಲ್ಲ. ಅವನ ಕಸುಬು ಏಡಿಗಳು. ಸಮುದ್ರ ಶೋಧನೆಗೆ ಹೊರಟ ಚಾಲೆಂಜರ್ ಹಡಗು ತಂದ ಸನ್ಯಾಸಿ ಏಡಿಗಳನ್ನೂ ಅವುಗಳ ನೆಂಟರನ್ನೂ ವರ್ಗೀಕರಿಸಿ 1888ರಲ್ಲಿ ದೊಡ್ಡ ವರದಿ ಬರೆದವನು. ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ, ಕೊನೆಗೆ ಸಂಗ್ರಹಾಲಯದ ಮುಖ್ಯಸ್ಥನಾದ. ಅವನ ನಾಣ್ಯ ಪುಸ್ತಕ ಓದುವಾಗ ಪ್ರಾಣಿಶಾಸ್ತ್ರಜ್ಞನ ಕೈವಾಡ ಕಾಣುತ್ತದೆ. ಟಂಕಸಾಲೆಗೊಂದು ಅಧ್ಯಾಯ, ಅದರೊಳಗೆ ಲೋಹ, ಲೋಹದೊಳಗೆ ಬೆಲೆ, ಬೆಲೆಯೊಳಗೆ ವರ್ಷ. ಆನೆ ಎಡಕ್ಕೆ ತಿರುಗಿದೆಯೇ ಬಲಕ್ಕೆ ತಿರುಗಿದೆಯೇ, ಬಾಲ ಯಾವ ಕಡೆಗಿದೆ, ಅಂಚಿನಲ್ಲಿ ಚುಕ್ಕಿಯ ಸಾಲಿದೆಯೇ ಎಂಬಂಥ ಸಣ್ಣ ವ್ಯತ್ಯಾಸಕ್ಕೂ ಅವನಲ್ಲಿ ಜಾಗವಿದೆ. ರಾಜರ ಗುಣಗಾನಕ್ಕಾಗಲಿ ನಿಂದೆಗಾಗಲಿ ಹೆಚ್ಚು ಪುಟ ವ್ಯಯವಾಗಿಲ್ಲ. ಟಿಪ್ಪು ಎಂದರೆ ಜಗಳ ಶುರುವಾಗುವ ನಮ್ಮ ಕಾಲದಲ್ಲಿ ಅಂಥ ತಣ್ಣನೆಯ ಬರವಣಿಗೆ ಓದುವುದೇ ಒಂದು ಸುಖ.

ಕರ್ನಾಟಕದ ಒಟ್ಟು ನಾಣ್ಯ ಪರಂಪರೆಗೆ ಮೈಸೂರಿನ ಎ.ವಿ. ನರಸಿಂಹಮೂರ್ತಿಯವರ 1975ರ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ ಇದೆ. ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಬರೆದ ನಾಣ್ಯ ಟಿಪ್ಪಣಿಗಳಿಗೂ ಬೆಲೆ ಕಡಿಮೆಯಾಗಿಲ್ಲ. ಎಲಿಯಟ್, ಹೆಂಡರ್ಸನ್‌ರಂಥ ಹಳೆಯ ಪುಸ್ತಕಗಳು ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ. ನಾಗಮಂಗಲದಲ್ಲಿ ಕೂತು ಅವನ್ನು ಫೋನಿನಲ್ಲೇ ತೆರೆಯಬಹುದು.

ಪುಸ್ತಕವಿದ್ದರೂ ಕೈಕೊಡುವ ನಾಣ್ಯಗಳುಂಟು. ಆರ್ಕಾಟ್ ರೂಪಾಯಿ ಅಂಥದ್ದು. ಅದರ ಮೇಲೆ ಎರಡನೇ ಆಲಂಗೀರ್ ಬಾದಷಹನ ಹೆಸರು, ಹಿಜರಿ 1172, ಪಟ್ಟದ ಆರನೇ ವರ್ಷ. ಅಂದರೆ ಕ್ರಿ.ಶ. 1758–59 ಎಂದು ಯಾರಿಗಾದರೂ ಅನಿಸಬೇಕು. ನಿಜಕ್ಕೂ ಮದ್ರಾಸಿನ ಈಸ್ಟ್ ಇಂಡಿಯಾ ಕಂಪನಿ ಅದೇ ಇಸವಿಯನ್ನು ಹಾಗೇ ಇಟ್ಟುಕೊಂಡು ಹತ್ತೊಂಬತ್ತನೇ ಶತಮಾನದಲ್ಲೂ ಹೊಡೆಯುತ್ತಿತ್ತು. ಜನ ಒಪ್ಪಿದ ನಾಣ್ಯದ ಅಂಕಿ ಬದಲಿಸಿದರೆ ಚಿನಿವಾರರು ವಟ್ಟ ಹಿಡಿಯುತ್ತಾರೆಂಬ ವ್ಯಾಪಾರದ ಜಾಣತನ. ಇದನ್ನು ಬಯಲು ಮಾಡುವುದು ಇಸವಿಯಲ್ಲ, ಪುಟ್ಟದೊಂದು ಕಮಲದ ಗುರುತು. ಫ್ರೆಂಚರು ಪುದುಚೇರಿಯಲ್ಲಿ ಹೊಡೆದ ರೂಪಾಯಿಗೆ ಅರ್ಧಚಂದ್ರದ ಗುರುತು. ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರು ರೂಪಾಯಿಯೂ ಇದೇ ಜಾತಿಯದು. 1806ರಲ್ಲಿ ತೀರಿಕೊಂಡ ಷಾ ಆಲಂನ ಹೆಸರು ಆಮೇಲೂ ಎಷ್ಟೋ ವರ್ಷ ಅದರ ಮೇಲೆ ಉಳಿಯಿತು. ಟಿಪ್ಪು ಅಳಿಸಿದ್ದ ಹೆಸರು ಅವನ ನಂತರ ಮತ್ತೆ ಬಂದು ಕೂತಿತ್ತು.

ಶ್ರೀರಂಗಪಟ್ಟಣದ ಹೆಸರಿನಲ್ಲಿ ಇನ್ನೊಂದು ದೊಡ್ಡ ಬೆಳ್ಳಿ ಬಿಲ್ಲೆಯೂ ಓಡಾಡುತ್ತದೆ. ಸುಮಾರು 48 ಮಿಲಿಮೀಟರ್ ಅಗಲ, ಒಂದು ಬದಿ ಹುಲಿಯನ್ನು ಕೆಡವಿದ ಸಿಂಹ, ಇನ್ನೊಂದು ಬದಿ ಕೋಟೆಯ ಮುತ್ತಿಗೆ. ಅರಬ್ಬಿ, ಪಾರಸಿ ಅಕ್ಷರ ಇರುವುದರಿಂದ ಟಿಪ್ಪುವಿನದೆಂದು ನಂಬುವವರಿದ್ದಾರೆ. ಅದು ನಾಣ್ಯವೇ ಅಲ್ಲ. ಟಿಪ್ಪುವನ್ನು ಸೋಲಿಸಿದ ಸೈನಿಕರಿಗೆ ಹಂಚಲು ಕಂಪನಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿಸಿದ ಪದಕ. ದೇವರ ಮನೆಯ ರಾಮಟಂಕಗಳೂ ನಾಣ್ಯವಲ್ಲ, ಪೂಜೆಯ ಬಿಲ್ಲೆಗಳು. ಅವುಗಳ ಮೇಲಿನ ಇಸವಿಯನ್ನು ನಂಬಿ ಮುನ್ನೂರು ವರ್ಷ ಹಳೆಯದೆಂದು ಹಿಗ್ಗುವುದು ಬೇಡ. ಇನ್ನು ಹನುಮಂತನ ಚಿತ್ರದ ಜೊತೆ 1818 ಎಂದು ಬರೆದ ‘ಈಸ್ಟ್ ಇಂಡಿಯಾ ಕಂಪನಿ’ ಕಾಸುಗಳು. ಕಂಪನಿ ಅಂಥ ನಾಣ್ಯ ಹೊಡೆದದ್ದೇ ಇಲ್ಲ. ಅಕ್ಕಿ ಎಳೆಯುವ ಶಕ್ತಿ ಇದೆಯೆಂದು ನಂಬಿಸಿ ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಲಕ್ಷಗಟ್ಟಲೆ ಸುಲಿಯುವವರ ಕೈಯಲ್ಲಿರುವುದು ಹೆಚ್ಚಾಗಿ ಇವೇ. ಯಾವ ಒಳ್ಳೆಯ ಕ್ಯಾಟಲಾಗಿನಲ್ಲೂ ಇವನ್ನು ಚಲಾವಣೆಯ ನಾಣ್ಯವೆಂದು ದಾಖಲಿಸಿಲ್ಲ.

ನಕಲಿ ಹಿಡಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಸೂಕ್ಷ್ಮ ತಕ್ಕಡಿಯಲ್ಲಿ ನಾಣ್ಯವನ್ನು ತೂಗಿ, ಆಮೇಲೆ ನೂಲಿನಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಬೇಕು. ಹೊರಗೆ 11.40 ಗ್ರಾಂ, ನೀರಿನಲ್ಲಿ 10.31 ಬಂದರೆ ಕಳೆದ ತೂಕ 1.09. 11.40ನ್ನು ಅದರಿಂದ ಭಾಗಿಸಿದರೆ 10.46. ಅಪ್ಪಟ ಬೆಳ್ಳಿಯ ಸಾಂದ್ರತೆ 10.49, ಆದ್ದರಿಂದ ಇದು ಒಳ್ಳೆಯ ಬೆಳ್ಳಿ. ಒಂಬತ್ತರ ಹತ್ತಿರ ಬಂದರೆ ಬೆಳ್ಳಿ ಮುಲಾಮು ಬಳಿದ ತಾಮ್ರ ಅಥವಾ ಹಿತ್ತಾಳೆ. ಅಚ್ಚಿನಲ್ಲಿ ಹೊಡೆದ ನಾಣ್ಯದ ಅಕ್ಷರದ ಅಂಚು ಚೂಪು. ಎರಕ ಹೊಯ್ದ ನಕಲಿಯಲ್ಲಿ ಅದು ಮೊಂಡಾಗಿ, ಸೂಜಿಮೊನೆಯಷ್ಟು ಗುಳಿಗಳು, ಸುತ್ತಂಚಿನಲ್ಲಿ ಕೂಡುಗೆರೆ ಕಾಣುತ್ತವೆ. ಒಂದೇ ಜಾಗದಲ್ಲಿ ಒಂದೇ ಗೀರು ಇರುವ ಎರಡು ನಾಣ್ಯ ಸಿಕ್ಕರೆ ಎರಡೂ ಒಂದೇ ಎರಕದ ಮಕ್ಕಳು. ಚಿಕ್ಕ ಹೂವು, ನಕ್ಷತ್ರ, ಗೀಟಿನ ಮುದ್ರೆಗಳನ್ನು ಕಂಡು ಮಾತ್ರ ಗಾಬರಿಯಾಗಬೇಕಿಲ್ಲ, ಅವು ಹಳೆಯ ಚಿನಿವಾರರು ಪರೀಕ್ಷಿಸಿ ಒತ್ತಿದ ಗುರುತುಗಳು. ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜುವುದನ್ನಂತೂ ನಿಲ್ಲಿಸಬೇಕು. ಹಬ್ಬಕ್ಕೆ ಫಳಫಳ ಹೊಳೆಯುವ ರೂಪಾಯಿಯಲ್ಲಿ ಓದಲು ಏನೂ ಉಳಿದಿರುವುದಿಲ್ಲ.

ಮನೆಯ ಪೆಟ್ಟಿಗೆಯ ನಾಣ್ಯದ ಮಾತು ಬೇರೆ, ನೆಲದಲ್ಲಿ ಸಿಕ್ಕಿದ್ದು ಬೇರೆ. ಪಾಯ ತೋಡುವಾಗ, ಕೆರೆ ಹೂಳೆತ್ತುವಾಗ ಕುಡಿಕೆ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಅದಕ್ಕೆ ಕರ್ನಾಟಕದ್ದೇ ಆದ 1962ರ ನಿಧಿ ಕಾಯ್ದೆ ಇದೆ. ನೂರು ವರ್ಷ ಮೀರಿದ ನಾಣ್ಯವನ್ನು ದೇಶದಿಂದ ಹೊರಗೆ ಸಾಗಿಸದಂತೆ ತಡೆಯುವುದು 1972ರ ಪುರಾವಸ್ತು ಕಾಯ್ದೆ. ಕಾನೂನಿನ ಭಯಕ್ಕಿಂತ ದೊಡ್ಡ ಕಾರಣವೂ ಒಂದುಂಟು. ಲೋಹ, ತೂಕ, ಟಂಕಸಾಲೆ, ಇಸವಿ ಎಲ್ಲವನ್ನೂ ನೂರು ವರ್ಷ ಬಿಟ್ಟು ನೋಡಿದರೂ ನಾಣ್ಯದಿಂದ ತಿಳಿಯಬಹುದು. ಅದು ಎಲ್ಲಿ ಸಿಕ್ಕಿತು ಎಂಬುದನ್ನು ಯಾವ ಕ್ಯಾಟಲಾಗೂ ಹೇಳಲಾರದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಟಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಾಗ, ಅದು ಸಿಕ್ಕ ಜಾಗ ಗೊತ್ತಿದ್ದುದರಿಂದಲೇ ಸಾತವಾಹನರ ಕಾಲದ ಆ ಊರಿನ ವಯಸ್ಸು ಲೆಕ್ಕ ಹಾಕಲು ನೆರವಾಯಿತು. ಅದೇ ನಾಣ್ಯ ಅಂಗಡಿಯಲ್ಲಿ ಸಿಕ್ಕಿದ್ದರೆ ಒಂದು ರೋಮನ್ ನಾಣ್ಯ, ಅಷ್ಟೇ.

ಹಾಗಾಗಿ ಗುರುತಿಸಿಕೊಡಿ ಎಂದು ಮೈಸೂರಿನ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೋ ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸ ವಿಭಾಗಕ್ಕೋ ಹೋಗುವವರು ನಾಣ್ಯದ ಜೊತೆ ಒಂದು ಚೀಟಿಯನ್ನೂ ಒಯ್ಯುವುದು ಒಳ್ಳೆಯದು. ಊರು, ಹೋಬಳಿ, ಜಮೀನಿನ ಸರ್ವೆ ನಂಬರು, ಎಷ್ಟು ಆಳದಲ್ಲಿತ್ತು, ಒಂಟಿಯೋ ಕುಡಿಕೆಯಲ್ಲಿತ್ತೋ, ಕುಡಿಕೆ ಮಣ್ಣಿನದೋ ತಾಮ್ರದ್ದೋ, ಜೊತೆಗೆ ಬೇರೇನು ಸಿಕ್ಕಿತು. ಪೆಟ್ಟಿಗೆಯಲ್ಲಿ ಬಂದ ನಾಣ್ಯವಾದರೆ ಯಾವ ತಲೆಮಾರಿನಿಂದ ಮನೆಯಲ್ಲಿದೆ, ಯಾವ ಊರಿನಿಂದ ಮದುವೆಯಾಗಿ ಬಂದವರು ತಂದದ್ದು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದುಕೊಂಡರೆ ಸಾಕು.